ಹೈಡ್ರೋಜನ್ ಹಗುರ, ಸರಿ. ಗುಳ್ಳೆ ಓಡುವುದು ಅದಕ್ಕಲ್ಲ
ಪುಣೆ ಹತ್ತಿರದ ಕುರ್ಕುಂಭ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹೈಡ್ರೋಜನೇಶನ್ ಪ್ಲಾಂಟ್ ನೋಡಿಕೊಳ್ಳುತ್ತೇನೆ. ದ್ರವ ತುಂಬಿದ ಎತ್ತರದ ಕಾಲಂ ನಮ್ಮ ರಿಯಾಕ್ಟರ್; ತಳದಿಂದ ಹೈಡ್ರೋಜನ್ ಗುಳ್ಳೆಗಳಾಗಿ ಏರುತ್ತಾ ದ್ರವದಲ್ಲಿ ಕರಗಿ ಅದರ ಜೊತೆ ಸೇರುತ್ತದೆ. ಶಿಫ್ಟಿನಲ್ಲಿ ವಿಜಯಪುರ, ಕಲಬುರಗಿ ಕಡೆಯವರು ಜಾಸ್ತಿ. ಹೊಸ ಹುಡುಗರೆಲ್ಲ ಹೇಳುವುದು ಒಂದೇ ಮಾತು: "ಸರ್, ಹೈಡ್ರೋಜನ್ ಹಗುರ ಅದ ಅಲ್ರೀ, ಅದಕ್ಕ ಕಾಲಂನಾಗ ಸರ್ರಂತ ಮ್ಯಾಲ ಹೋಗ್ತದ."

ಹೋಗುವುದು ನಿಜ. ಕಾರಣ ಅದಲ್ಲ. ಒಂದು ಘನ ಮೀಟರ್ ನೀರು ಸುಮಾರು 1000 ಕಿಲೋ. ಅಷ್ಟೇ ಜಾಗದ ಗಾಳಿ 1.2 ಕಿಲೋ, ಹೈಡ್ರೋಜನ್ ಬರೀ 84 ಗ್ರಾಂ. ಗುಳ್ಳೆಯನ್ನು ಮೇಲೆತ್ತುವುದು ದ್ರವಕ್ಕೂ ಅನಿಲಕ್ಕೂ ಇರುವ ತೂಕದ ಅಂತರ. ಸಾವಿರದಲ್ಲಿ ಒಂದು ಕಿಲೋ ಕಳೆದರೇನು, 84 ಗ್ರಾಂ ಕಳೆದರೇನು? ಒಂದೇ ಗಾತ್ರದ ಗುಳ್ಳೆಗಳಾದರೆ ಎರಡೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಏರುತ್ತವೆ.

ಆದರೆ ಗಾತ್ರ ಒಂದೇ ಇರುವುದಿಲ್ಲ ಅಲ್ವಾ. ಹರಿವು ಜೋರಾದಾಗ ಗುಳ್ಳೆಗಳು ಕೂಡಿ ದೊಡ್ಡದಾಗುತ್ತವೆ, ಮತ್ತೆ ಒಡೆಯುತ್ತವೆ. ಅನಿಲ ದಟ್ಟವಾಗಿದ್ದಷ್ಟೂ ದೊಡ್ಡ ಗುಳ್ಳೆ ಬೇಗ ಒಡೆಯುತ್ತದೆ, ಯಾಕೆಂದರೆ ಒಳಗೆ ಸುತ್ತುತ್ತಿರುವ ಅನಿಲವೇ ಗುಳ್ಳೆಯನ್ನು ಅಗಲಕ್ಕೆ ಎಳೆಯುತ್ತದೆ, ಅದರ ಮೈಮೇಲೆ ಏಳುವ ಅಲೆಗಳೂ ಬೇಗ ಬೆಳೆಯುತ್ತವೆ. ಹಗುರ ಅನಿಲಕ್ಕೆ ಆ ಬಲ ಸಾಲದು. ದೊಡ್ಡ ಗುಳ್ಳೆ ಹಾಗೇ ಉಳಿದು ಕಾಲಂ ಮಧ್ಯದಲ್ಲಿ ನುಗ್ಗಿ ಹೋಗುತ್ತದೆ. ಹೋಲ್ಡಪ್ (ಕಾಲಂನಲ್ಲಿ ಅನಿಲ ತುಂಬಿಕೊಂಡಿರುವ ಪಾಲು) ಇಳಿಯುತ್ತದೆ, ಅನಿಲ ಕರಗುವುದೂ ನಿಧಾನ.

ಆದ್ದರಿಂದ ನೋಡಬೇಕಾದ್ದು ಅನಿಲದ ಹೆಸರಲ್ಲ, ರಿಯಾಕ್ಟರ್ ಒಳಗಿನ ಅದರ ಸಾಂದ್ರತೆ. 20 ಬಾರ್, 100 ಡಿಗ್ರಿಯಲ್ಲಿ ಹೈಡ್ರೋಜನ್ ಘನ ಮೀಟರಿಗೆ ಸುಮಾರು 1.3 ಕಿಲೋ, ಅಂದರೆ ನಾವು ಉಸಿರಾಡುವ ಗಾಳಿಯ ಆಸುಪಾಸು. ಗಾಜಿನ ಕಾಲಂನಲ್ಲಿ ಗಾಳಿ ಹಾಯಿಸಿ ಮಾಡಿದ ಟ್ರಯಲ್ ಈ ಒಂದು ವಿಷಯದಲ್ಲಿ ಅಂಥ ಪ್ಲಾಂಟಿಗೆ ಹೊಂದುತ್ತದೆ (ದ್ರವ ಬೇರೆಯಾದರೆ ಅದು ಬೇರೆಯದೇ ಕಥೆ). ಪ್ಲಾಂಟನ್ನು ಒಂದೆರಡು ಬಾರ್‌ನಲ್ಲಿ ನಡೆಸುವವರು ಟ್ರಯಲ್‌ನಲ್ಲಿ ಗಾಳಿಯ ಬದಲು ಹಗುರವಾದ ಹೀಲಿಯಂ ಹಾಯಿಸಿ ನೋಡುವುದು ಒಳ್ಳೆಯದು. ದುಬಾರಿ, ಆದರೆ ಬೆಂಕಿಯ ಭಯವಿಲ್ಲ.

ಇನ್ನೊಂದು ಗೊಂದಲ. ಫ್ಲೋ ಮೀಟರ್ ತೋರಿಸುವುದು ನಾರ್ಮಲ್ ಘನ ಮೀಟರ್, ಅಂದರೆ ಮಾಮೂಲಿ ವಾತಾವರಣದ ಒತ್ತಡಕ್ಕೆ ಲೆಕ್ಕ ಹಾಕಿದ ಗಾತ್ರ. ರೀಡಿಂಗ್ ಅಷ್ಟೇ ಇಟ್ಟು ಪ್ರೆಶರ್ ಎರಡು ಪಟ್ಟು ಮಾಡಿದರೆ ಕಾಲಂ ಒಳಗಿನ ಅನಿಲದ ವೇಗ ಅರ್ಧಕ್ಕೆ ಇಳಿಯುತ್ತದೆ. ಹೋಲ್ಡಪ್ ಬಿತ್ತು ಅಂತ ಸುಮ್ನೆ ಪ್ರೆಶರನ್ನು ಬೈಯುತ್ತಾರೆ.

ಸ್ಪಾರ್ಜರಿಗೂ (ಕಾಲಂ ತಳದಲ್ಲಿ ಅನಿಲ ಊದುವ, ತೂತುಗಳಿರುವ ಭಾಗ) ಸಾಂದ್ರತೆ ಮುಖ್ಯ. ತೂತಿನಲ್ಲಿ ವೇಗ ಅಷ್ಟೇ ಇದ್ದರೂ, ಹಗುರ ಅನಿಲಕ್ಕೆ ಅಲ್ಲಿ ಪ್ರೆಶರ್ ಡ್ರಾಪ್ ಕಡಿಮೆ. ಕೆಲವು ತೂತು ಊದುವುದೇ ಇಲ್ಲ, ಸ್ಲರಿ (ಕ್ಯಾಟಲಿಸ್ಟ್, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ಪುಡಿ, ಬೆರೆತ ದ್ರವ) ಒಳಗೆ ಇಳಿದು ಕ್ಯಾಟಲಿಸ್ಟ್ ಕಚ್ಚಿಕೊಳ್ಳುತ್ತದೆ. ಅದಕ್ಕೇ ನಾವು ನೈಟ್ರೋಜನ್ ಹರಿಯುತ್ತಿರುವಾಗಲೇ ಸ್ಲರಿ ತುಂಬುತ್ತೇವೆ. ಹೈಡ್ರೋಜನ್ ಬಿಟ್ಟ ಮೇಲೆ ಪ್ರೆಶರ್ ಏರುವವರೆಗೆ ಸ್ಪಾರ್ಜರ್ ಡ್ರಾಪ್ ಮೇಲೆ ಒಬ್ಬರ ಕಣ್ಣು ಇರಲೇಬೇಕು.