ಹಬ್ಬ ಕಳೆದ ಮೇಲೆ ಕೆಲಸ ಇದೆ

"ಅಖರೆ ಹಖಾಗ್, ಯೆಶ್ ಅವೊದಾ." ಹಬ್ಬ ಕಳೆದ ಮೇಲೆ ಕೆಲಸ ಇದೆ. ಹಬ್ಬವೆಂದರೆ ಯಹೂದಿಗಳ ಸುಕ್ಕೋತ್. 2010ರ ಸೆಪ್ಟೆಂಬರ್ 26, ಭಾನುವಾರದಿಂದ ಈ ಹೀಬ್ರೂ ಮಾತು ತಲೆಯಿಂದ ಇಳಿಯುತ್ತಿಲ್ಲ. ಜೆರುಸಲೇಮಿನಲ್ಲಿ ನಾನು ನೋಡಿಕೊಳ್ಳುವ ಯಹೂದಿ ಅಜ್ಜಿಗೆ ಮಾತ್ರೆ ಕೊಡುವಾಗ, ಸ್ನಾನ ಮಾಡಿಸುವಾಗ, ರಾತ್ರಿ ಅವರ ಉಸಿರಿಗೆ ಕಿವಿಕೊಟ್ಟು ಮಲಗಿರುವಾಗ, ಆ ದನಿ ಮತ್ತೆ ಮತ್ತೆ ಕೇಳಿಸುತ್ತದೆ.

ಹೇಳಿದವರು ಒಬ್ಬ ಪ್ಯಾಲೆಸ್ತೀನಿ ಗಾರೆ ಮೇಸ್ತ್ರಿ. ಹೆಸರು ನಾನು ಕೇಳಲಿಲ್ಲ, ಅವರೂ ನನ್ನ ಹೆಸರು ಕೇಳಲಿಲ್ಲ. ಬೆತ್ಲೆಹೇಮಿನಿಂದ ಪಕ್ಕದ ಊರು ಬೈತ್ ಸಾಹೂರಿಗೆ ಹೋಗುವ ಸರ್ವೀಸ್ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ ಅಕ್ಕಪಕ್ಕ ಕೂತಿದ್ದೆವು, ಅಷ್ಟೇ. ಭಾನುವಾರ ನನಗೆ ರಜೆ. ಬೆಳಗ್ಗೆ ಸಂತ ಕ್ಯಾಥರೀನ್ ಚರ್ಚಿನಲ್ಲಿ ಪೂಜೆ ಮುಗಿಸಿ ಕುರುಬರ ಹೊಲ ನೋಡಲು ಹೊರಟಿದ್ದೆ. ಊರಲ್ಲಿ ಡಿಸೆಂಬರ್ ಬಂತೆಂದರೆ ಗೋದಲಿ ಕಟ್ಟಿ, ಹುಲ್ಲು ಹಾಸಿ, ಮಣ್ಣಿನ ಕುರುಬರನ್ನು ನಿಲ್ಲಿಸುತ್ತಿದ್ದ ಕೈ ನನ್ನದು. ಆ ಕುರುಬರಿಗೆ ದೇವದೂತ ಕಾಣಿಸಿಕೊಂಡ ಜಾಗ ಇದೇ ಎಂದು ಇಲ್ಲಿಯವರು ತೋರಿಸುತ್ತಾರೆ. ಬಂದು ಮೂರು ವರ್ಷವಾದರೂ ನೋಡಿರಲಿಲ್ಲ.

ಮೇಸ್ತ್ರಿಗೆ ಐವತ್ತು ದಾಟಿರಬೇಕು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಅಂಗೈಯ ಗೆರೆಗಳಲ್ಲಿ ಸಿಮೆಂಟು ಕೂತು ಬಿರುಕು ಬಿಟ್ಟಿತ್ತು. ನನ್ನ ಅಪ್ಪ ಮುರಕಲ್ಲಿನ ಕೋರೆಯಲ್ಲಿ ದುಡಿದವರು. ಅಂಥ ಕೈಯನ್ನು ನಾನು ಕತ್ತಲಲ್ಲಿ ಮುಟ್ಟಿದರೂ ಗುರುತು ಹಿಡಿಯುತ್ತೇನೆ. "ಹೋದೂ?" ಎಂದು ಕೇಳಿದರು. ಹೀಬ್ರೂವಿನಲ್ಲಿ ಭಾರತಕ್ಕೆ ಹಾಗೆನ್ನುತ್ತಾರೆ. ಹೌದೆಂದೆ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಅರಬ್ಬಿ ಬಾರದು. ಯಹೂದಿಗಳ ಮನೆಯೊಳಗೆ ನಾನು ಕಲಿತ ಹೀಬ್ರೂ, ಅವರ ಮನೆ ಕಟ್ಟುತ್ತಾ ಆತ ಕಲಿತ ಹೀಬ್ರೂ, ಎರಡೂ ಸೇರಿ ಮಾತು ನಡೆಯಿತು.

ಕಿಟಕಿಯಾಚೆ ಬಡಗಣದ ಗುಡ್ಡದ ಸುತ್ತ ಕೋಟೆಯ ಹಾಗೆ ಬಿಳಿ ಕಲ್ಲಿನ ಬಹುಮಹಡಿಗಳು. ಹರ್ ಹೋಮಾ, ಯಹೂದಿಗಳಿಗೆ ಕಟ್ಟಿದ ಬಡಾವಣೆ. ಅರಬ್ಬರ ಬಾಯಲ್ಲಿ ಆ ಗುಡ್ಡ ಈಗಲೂ ಜಬಲ್ ಅಬು ಘನೈಮ್. "ಅಲ್ಲಿ ಪೈನ್ ಮರಗಳ ಕಾಡಿತ್ತು. ಎರಡನೇ ಸಾಲಿನ ಕಟ್ಟಡಗಳಿಗೆ ಕಲ್ಲು ಹೊದಿಸಿದ್ದು ನಾನು" ಎಂದರು. ಹೆಮ್ಮೆಯೂ ಇಲ್ಲದ, ಅಳುವೂ ಇಲ್ಲದ ದನಿ. ಈಗ ಪಶ್ಚಿಮ ದಂಡೆಯ ಗುಶ್ ಎತ್ಸಿಯೋನ್ ಕಡೆಯ ಒಂದು ವಸಾಹತಿನಲ್ಲಿ, ಅಂದರೆ 1967ರ ಯುದ್ಧದಲ್ಲಿ ಇಸ್ರೇಲ್ ಹಿಡಿದ ನೆಲದಲ್ಲಿ ಯಹೂದಿಗಳಿಗೆ ಕಟ್ಟಿದ ಊರಿನಲ್ಲಿ, ಕೆಲಸವಂತೆ. ಹತ್ತು ತಿಂಗಳಿಂದ ಸರಿಯಾಗಿ ಸಿಕ್ಕಿಲ್ಲ.

"ಇವತ್ತು ರಾತ್ರಿ ಹಕ್ಪಾಆ ಮುಗಿಯುತ್ತದಲ್ಲ?" ಎಂದೆ. ಹಕ್ಪಾಆ ಎಂದರೆ ಹೆಪ್ಪುಗಟ್ಟಿಸುವುದು, ತಡೆಹಿಡಿಯುವುದು. ವಸಾಹತುಗಳಲ್ಲಿ ಹೊಸ ಮನೆ ಕಟ್ಟುವುದನ್ನು ಇಸ್ರೇಲ್ ಹತ್ತು ತಿಂಗಳು ನಿಲ್ಲಿಸಿತ್ತು. ಈ ಹತ್ತು ತಿಂಗಳು ಟಿವಿಯಲ್ಲಿ ಇದಕ್ಕಿಂತ ಹೆಚ್ಚು ಕೇಳಿದ ಪದ ನನಗೆ ನೆನಪಿಲ್ಲ.

ಆಗ ಅವರು ಆ ಮಾತು ಹೇಳಿದ್ದು. ಹಬ್ಬ ಕಳೆದ ಮೇಲೆ ಕೆಲಸ ಇದೆ.

"ಸಂತೋಷವಾ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಅವರು ಗುಡ್ಡ ನೋಡುತ್ತಾ, "ಐದು ಮಕ್ಕಳು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿನಗೆ ಎಲ್ಲಿ ಕೆಲಸ?"

"ಗಿಲೋದಲ್ಲಿ."

"ಗಿಲೋ ಕೂಡ ಅದೇ, ಮಗಳೇ" ಎಂದು ಹೇಳಿ ಇಳಿದುಹೋದರು.

ಕುರುಬರ ಹೊಲ ನೋಡಿದೆ, ಮೇಣದ ಬತ್ತಿ ಹಚ್ಚಿದೆ. ಏನು ಪ್ರಾರ್ಥಿಸಿದೆ ಎಂದು ಈಗ ಕೇಳಿದರೆ ಹೇಳಲು ಬರುವುದಿಲ್ಲ. ಗಿಲೋ ಕೂಡ ಅದೇ.

ಮೂರು ವರ್ಷದಿಂದ ನಾನು ಗಿಲೋದಲ್ಲಿದ್ದೇನೆ. ನನಗೆ ಅದು ಜೆರುಸಲೇಮಿನ ಒಂದು ಬಡಾವಣೆ. ಸಿಟಿ ಬಸ್ಸು, ಅಂಚೆ ಕಚೇರಿ, ದವಾಖಾನೆ, ಪಾರ್ಕಿನಲ್ಲಿ ಮಕ್ಕಳ ಜಾರುಬಂಡಿ ಎಲ್ಲ ಇರುವ ಜಾಗ. ಅಜ್ಜಿಯ ಬಾಲ್ಕನಿಯಲ್ಲಿ ನಿಂತರೆ ಎದುರಿಗೆ ಪ್ಯಾಲೆಸ್ತೀನಿಯರ ಊರು ಬೈತ್ ಜಾಲಾ. 2000ದ ನಂತರ ಅಲ್ಲಿಂದ ಇಲ್ಲಿಯ ಕಿಟಕಿಗಳಿಗೆ ಗುಂಡು ಬೀಳುತ್ತಿದ್ದ ಕಾಲದಲ್ಲಿ ಬೀದಿಯ ಅಂಚಿಗೆ ಕಾಂಕ್ರೀಟ್ ಹಲಗೆಗಳ ಗೋಡೆ ಎಬ್ಬಿಸಿದ್ದರು. ಕಳೆದ ತಿಂಗಳಷ್ಟೇ ಕ್ರೇನ್ ತಂದು ಅದನ್ನು ತೆಗೆದರು. ಅಂದು ಅಜ್ಜಿಯ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ತೋರಿಸಿದ್ದೆ, ಗೋಡೆ ಹೋದರೆ ಒಳ್ಳೆಯ ದಿನ ಬಂತು ಎಂದು ನಾನೇ ಹೇಳಿದ್ದೆ. ಆದರೆ ಗಿಲೋ ಎದ್ದಿರುವುದು 1967ರ ಯುದ್ಧದಲ್ಲಿ ಗೆದ್ದ ನೆಲದ ಮೇಲೆ. ಇಸ್ರೇಲಿಗೆ ಇದು ತನ್ನ ರಾಜಧಾನಿಯ ಒಂದು ಮೂಲೆ. ಪ್ಯಾಲೆಸ್ತೀನಿಯರಿಗೆ, ಹೊರಗಿನ ಹೆಚ್ಚಿನ ದೇಶಗಳಿಗೆ, ಇದೂ ಒಂದು ವಸಾಹತು. ಈ ಹತ್ತು ತಿಂಗಳ ತಡೆ ಪೂರ್ವ ಜೆರುಸಲೇಮಿಗೆ ಅನ್ವಯಿಸಲೇ ಇಲ್ಲ. ಕಳೆದ ನವೆಂಬರಿನಲ್ಲಿ ಗಿಲೋದಲ್ಲೇ 900 ಹೊಸ ಮನೆಗಳಿಗೆ ಒಪ್ಪಿಗೆ ಕೊಟ್ಟಾಗ ಅಮೆರಿಕ ಬೇಸರ ಹೇಳಿದ್ದನ್ನು ನಾನೂ ಸುದ್ದಿಯಲ್ಲಿ ಕೇಳಿದ್ದೆ. ಅದು ನಾನು ಹಾಲು ತರಲು ಹೋಗುವ ಬೀದಿಯ ಸುದ್ದಿ ಎಂದು ಹೊಳೆದೇ ಇರಲಿಲ್ಲ.

ಆ ಮೇಸ್ತ್ರಿ ನನ್ನನ್ನು ದೂರಿದರು ಎಂದು ನನಗೆ ಅನಿಸಿಲ್ಲ. ದೂರುವ ಮನುಷ್ಯ 'ಮಗಳೇ' ಎನ್ನುವುದಿಲ್ಲ. ಇಬ್ಬರದೂ ಒಂದೇ ಅನ್ನ ಎಂದು ಹೇಳಿದರೇನೋ. ವಸಾಹತಿನ ಸಾಮಾನು ಮಾರಬಾರದು, ಕೊಳ್ಳಬಾರದು ಎಂದು ಪ್ಯಾಲೆಸ್ತೀನ್ ಆಡಳಿತ ಈ ವರ್ಷ ಕಾನೂನು ಮಾಡಿತು. ಅಲ್ಲಿ ದುಡಿಯಲು ಹೋಗುವವರನ್ನು ನಿಲ್ಲಿಸಲು ಮಾತ್ರ ಅದಕ್ಕೂ ಆಗಿಲ್ಲ. ಬೇರೆ ಕೆಲಸ ಎಲ್ಲಿಂದ ಕೊಡುವುದು? ಊರಲ್ಲಿ ಏಜೆಂಟನ ಸಾಲ ತೀರಿಸುವವರೆಗೆ ನಾನೂ ಯಾವ ಬೀದಿ, ಯಾರ ನೆಲ ಎಂದು ಕೇಳಿದವಳಲ್ಲ.

ಇಸ್ರೇಲ್ ಮತ್ತು ಪ್ಯಾಲೆಸ್ತೀನಿನ ನಡುವೆ ಈ ಶಾಂತಿ ಮಾತುಕತೆ ಶುರುವಾದಾಗ ನಾನು ನಿಜಕ್ಕೂ ಆಸೆ ಇಟ್ಟುಕೊಂಡಿದ್ದೆ. ಸೆಪ್ಟೆಂಬರ್ 2ಕ್ಕೆ ವಾಷಿಂಗ್ಟನ್‌ನಲ್ಲಿ ಇಸ್ರೇಲಿನ ಪ್ರಧಾನಿ ನೆತನ್ಯಾಹು ಮತ್ತು ಪ್ಯಾಲೆಸ್ತೀನ್ ಅಧ್ಯಕ್ಷ ಅಬ್ಬಾಸ್ ಕೈಕುಲುಕಿದರು, ನಡುವೆ ಅಮೆರಿಕದ ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್. 14ಕ್ಕೆ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ, ಮರುದಿನ ಇಲ್ಲೇ ಜೆರುಸಲೇಮಿನಲ್ಲಿ. ಒಂದು ವರ್ಷದೊಳಗೆ ಗಡಿ, ಜೆರುಸಲೇಮ್, ನಿರಾಶ್ರಿತರು, ಭದ್ರತೆ ಎಲ್ಲ ಇತ್ಯರ್ಥ ಮಾಡುತ್ತೇವೆ ಎಂದರು. ಆದರೆ ಮಾತು ಮೊದಲ ದಿನದಿಂದಲೇ ಸಿಕ್ಕಿಬಿದ್ದದ್ದು ಒಂದು ತಾರೀಖಿಗೆ: ತಡೆ ಮುಗಿಯುವ 26. ಕಟ್ಟುವುದನ್ನು ಮತ್ತೆ ಶುರು ಮಾಡಿದರೆ ಕೂರುವುದು ಕಷ್ಟ ಎಂದರು ಅಬ್ಬಾಸ್. ಕೊಟ್ಟ ಮಾತಿನಂತೆ ಹತ್ತು ತಿಂಗಳು ನಿಲ್ಲಿಸಿದ್ದೇನೆ, ಒಂಬತ್ತು ತಿಂಗಳು ನೀವು ಮೇಜಿಗೆ ಬರಲೇ ಇಲ್ಲ, ಈಗ ಮುಂದುವರಿಸು ಎಂದರೆ ಹೇಗೆ ಎಂದರು ನೆತನ್ಯಾಹು. ಅದರಲ್ಲಿ ಸುಳ್ಳಿಲ್ಲ. ನಿಲ್ಲಿಸಿದ್ದರೂ ಪೂರ್ತಿ ನಿಂತಿರಲಿಲ್ಲ ಎಂಬುದೂ ಸುಳ್ಳಲ್ಲ, ಮೊದಲೇ ಶುರುವಾಗಿದ್ದ ಸುಮಾರು 3,000 ಮನೆಗಳ ಕೆಲಸ ನಡೆದೇ ಇತ್ತು.

ನಾನು ಓದಿದ್ದು ಹತ್ತನೇ ತರಗತಿ. ಅಂತಾರಾಷ್ಟ್ರೀಯ ಕಾನೂನು ನನಗೆ ತಿಳಿಯದು. ಆದರೆ ಜಾಗದ ತಕರಾರು ಏನೆಂದು ನನ್ನ ಮನೆಯವರಿಗೆ ತಿಳಿದಷ್ಟು ಯಾರಿಗೂ ತಿಳಿದಿರಲಿಕ್ಕಿಲ್ಲ. ನಮ್ಮದು ಐದು ಸೆಂಟ್ಸ್. ಪಕ್ಕದವರ ಜೊತೆ ಗಡಿಯ ವ್ಯಾಜ್ಯ. ಊರಿನ ನಾಲ್ಕು ಹಿರಿಯರನ್ನು ಕೂರಿಸಿ ಮಾತಾಡುವ ಎಂದು ಅಪ್ಪ ಹೇಳಿದರು, ಅವರೂ ಒಪ್ಪಿದರು. ನಾಲ್ಕು ಭಾನುವಾರ ಮಾತುಕತೆ ನಡೆಯಿತು. ಚಾ ಕುಡಿದರು, ಹಳೆಯ ದಾಖಲೆ ತೆಗೆದು ನೋಡಿದರು, ಒಳ್ಳೆಯ ಮಾತನ್ನೇ ಆಡಿದರು. ಅದೇ ನಾಲ್ಕು ವಾರದಲ್ಲಿ, ಸೋಮವಾರದಿಂದ ಶನಿವಾರದವರೆಗೆ, ಗಡಿಯ ಮೇಲೆ ಮುರಕಲ್ಲಿನ ಗೋಡೆ ಸಾಲು ಸಾಲಾಗಿ ಏರಿತು. ಕೋರ್ಟಿಗೆ ಹೋಗಿ ಸ್ಟೇ ತರುವ ಹೊತ್ತಿಗೆ ಗೋಡೆ ಎದೆಮಟ್ಟ. ಐದನೇ ಭಾನುವಾರ ಅಪ್ಪ ಹೋಗಲಿಲ್ಲ. "ಗೋಡೆಯನ್ನು ಎದುರಿಗಿಟ್ಟುಕೊಂಡು ಯಾವುದರ ಮಾತು?" ಎಂದರು. ಊರೆಲ್ಲ ಅಪ್ಪನನ್ನೇ ಹಟಮಾರಿ ಎಂದಿತು, ಮಾತಿಗೆ ಬಾರದವನು ಎಂದಿತು. ನನಗೆ ಆಗ ಹದಿನಾರು ವರ್ಷ. ಇವತ್ತಿಗೂ ಅದು ನೋಯುತ್ತದೆ.

ಹಿಂದಿನ ಶಾಂತಿ ಒಪ್ಪಂದವಾದ ಓಸ್ಲೋ ಒಪ್ಪಂದಕ್ಕೆ ಇಸ್ರೇಲಿನ ಆಗಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ತೀನಿಯರ ನಾಯಕ ಅರಾಫತ್ ಕೈಕುಲುಕಿದ್ದು 1993ರ ಸೆಪ್ಟೆಂಬರ್ 13ಕ್ಕೆ. ಆಗ ಪಶ್ಚಿಮ ದಂಡೆಯ ವಸಾಹತುಗಳಲ್ಲಿ, ಪೂರ್ವ ಜೆರುಸಲೇಮ್ ಬಿಟ್ಟು, ಒಂದು ಲಕ್ಷಕ್ಕೂ ಸ್ವಲ್ಪ ಮೇಲೆ ಜನ ಇದ್ದರು. ಈಗ, 2010ರಲ್ಲಿ, ಸುಮಾರು ಮೂರು ಲಕ್ಷ. ಹದಿನೇಳು ವರ್ಷ ಮಾತುಕತೆಯೂ ಆಗಾಗ ನಡೆಯಿತು, ಗೋಡೆಯೂ ಏರಿತು. ಹರ್ ಹೋಮಾದ ಕಾಡು ಕಡಿದು ನೆಲ ಅಗೆಯಲು ಶುರುವಾದದ್ದು 1997ರಲ್ಲಿ, ಓಸ್ಲೋ ಆಗಿ ನಾಲ್ಕು ವರ್ಷಕ್ಕೆ. ಆಗಲೂ ಪ್ರಧಾನಿ ನೆತನ್ಯಾಹು. ಅಬ್ಬಾಸರನ್ನು ಹಟಮಾರಿ ಎಂದು ಟಿವಿಯಲ್ಲಿ ಯಾರಾದರೂ ಹೇಳಿದಾಗಲೆಲ್ಲ ನನಗೆ ಐದನೇ ಭಾನುವಾರ ಮನೆಯ ಜಗಲಿಯಲ್ಲಿ ಸುಮ್ಮನೆ ಕೂತಿದ್ದ ಅಪ್ಪ ಕಾಣುತ್ತಾರೆ. ಆದರೆ ನಮ್ಮ ತಕರಾರಿನಲ್ಲಿ ಯಾರೂ ಯಾರನ್ನೂ ಕೊಂದಿರಲಿಲ್ಲ. ಇಲ್ಲಿ ಹಾಗಲ್ಲ.

ಅಂದು ಸಂಜೆ ಮನೆಗೆ ಬಂದಾಗ ಅಜ್ಜಿಯ ಮೊಮ್ಮಗ ಬಂದಿದ್ದ. ಬಾಲ್ಕನಿಯಲ್ಲಿ ಸುಕ್ಕಾ ಕಟ್ಟಿದ್ದೆವು. ಈ ಹಬ್ಬದ ಏಳು ದಿನ ಊಟ ಚಪ್ಪರದಲ್ಲೇ. ಈಜಿಪ್ಟಿನಿಂದ ಬಿಡುಗಡೆಯಾಗಿ ಬಂದ ಮೇಲೆ ಮರುಭೂಮಿಯಲ್ಲಿ ಮನೆಯಿಲ್ಲದೆ ಅಲೆದ ನೆನಪಿಗೆ. ಮೇಲೆ ಖರ್ಜೂರದ ಗರಿ ಹಾಸುವಾಗ ನನಗೆ ನಮ್ಮೂರ ಮದುವೆಯ ಮಡಲ ಚಪ್ಪರ ನೆನಪಾಗುತ್ತದೆ, ಆದರೆ ಇಲ್ಲಿ ಗರಿಗಳ ಸಂದಿಯಿಂದ ನಕ್ಷತ್ರ ಕಾಣುವಂತಿರಬೇಕು.

ಈ ಹುಡುಗನನ್ನು ನಾನು ಕೆಟ್ಟವನೆಂದು ಬರೆಯಲಾರೆ. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ನನ್ನನ್ನು ಮಲಗಲು ಕಳಿಸಿ ತಾನು ಕೂತವನು. ನನ್ನ ತಂಗಿಯ ಮದುವೆಗೆ ಕೇಳದೆ ಹಣ ಕೊಟ್ಟವನು. ಅವನ ಮನೆ ಗುಶ್ ಎತ್ಸಿಯೋನ್‌ನಲ್ಲಿ. ಜೆರುಸಲೇಮಿನ ಬಾಡಿಗೆ ಕಟ್ಟಲಾಗದೆ ಹೋದೆ ಎಂದು ಒಮ್ಮೆ ಹೇಳುತ್ತಾನೆ, 1948ರಲ್ಲಿ ನಮ್ಮವರನ್ನು ಕೊಂದು ಖಾಲಿ ಮಾಡಿಸಿದ ಊರಿಗೆ ಮರಳಿದೆ ಎಂದು ಇನ್ನೊಮ್ಮೆ. ಎರಡೂ ನಿಜವೇ. ಆಗಸ್ಟ್ 31ಕ್ಕೆ ಹೆಬ್ರಾನ್ ಹತ್ತಿರ ಕಾರಿಗೆ ಗುಂಡು ಹಾರಿಸಿ ನಾಲ್ವರನ್ನು ಕೊಂದರು, ಅದರಲ್ಲಿ ಒಬ್ಬಳು ಗರ್ಭಿಣಿ. ಹಮಾಸ್ ತನ್ನದೇ ಕೆಲಸ ಎಂದು ಹೇಳಿಕೊಂಡಿತು. ಅಂದಿನಿಂದ ಇವನ ಹೆಂಡತಿ ಕತ್ತಲಾದ ಮೇಲೆ ಕಾರು ಹತ್ತುವುದಿಲ್ಲ. 2005ರಲ್ಲಿ ಗಾಜಾದ 21 ವಸಾಹತುಗಳನ್ನು ಖಾಲಿ ಮಾಡಿದೆವು, ಬಂದದ್ದು ರಾಕೆಟ್ ಎಂದು ಅವನು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಆದರೂ ಅವನ ಮಾತಿನಲ್ಲಿ ಒಬ್ಬರು ಯಾವತ್ತೂ ಇರುವುದಿಲ್ಲ. ಅವನ ಮನೆಗೆ ಕಲ್ಲು ಹೊದಿಸಿದವರು.

ಟಿವಿಯಲ್ಲಿ ರೆವಾವಾ ಎಂಬ ವಸಾಹತಿನ ಸಂಭ್ರಮ ತೋರಿಸುತ್ತಿದ್ದರು. ನೀಲಿ ಬಿಳಿ ಬಲೂನುಗಳನ್ನು ಆಕಾಶಕ್ಕೆ ಬಿಟ್ಟರು. ಸದ್ದು ಮಾಡದೆ ಸಂಯಮದಿಂದಿರಿ ಎಂದು ನೆತನ್ಯಾಹು ಕೇಳಿಕೊಂಡಿದ್ದರು. ಮೊಮ್ಮಗ ಚಪ್ಪಾಳೆ ತಟ್ಟಲಿಲ್ಲ, "ಕೊನೆಗೂ" ಎಂದ. ನಾನು ತಟ್ಟೆ ಎತ್ತುತ್ತಾ ಮೇಸ್ತ್ರಿಯ ವಿಷಯ ಹೇಳಿದೆ. ಇಬ್ಬರಿಗೂ ಒಂದೇ ದಿನ ಕಾಯುವಿಕೆ ಮುಗಿಯಿತಲ್ಲ ಎಂದೆ. ಅವನು ಉತ್ತರಿಸಲಿಲ್ಲ. ಸಿಟ್ಟಾದಂತೆಯೂ ಕಾಣಲಿಲ್ಲ.

ಅಜ್ಜಿ ಮಾತಾಡಿದರು. ಅವರನ್ನು ನಾನು ಸಾವ್ತಾ ಎನ್ನುತ್ತೇನೆ, ಹೀಬ್ರೂವಿನಲ್ಲಿ ಅಜ್ಜಿಗೆ ಹಾಗೆ. ಹುಟ್ಟಿದ್ದು ಬಾಗ್ದಾದಿನಲ್ಲಿ. 1950-51ರಲ್ಲಿ ಇರಾಕಿನಿಂದ ವಿಮಾನದಲ್ಲಿ ಬಂದ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳಲ್ಲಿ ಅವರೂ ಒಬ್ಬರು. ಬಂದವರನ್ನು ಮೊದಲು ಇರಿಸಿದ್ದು ಟೆಂಟಿನಲ್ಲಿ. "ಹಕ್ಪಾಆ, ಹಕ್ಪಾಆ ಎನ್ನುತ್ತಾರೆ" ಎಂದರು. "ಮೊದಲ ಹಕ್ಪಾಆ ನಮ್ಮದು. 1951ರ ಮಾರ್ಚಿನಲ್ಲಿ ಇರಾಕಿನವರು ಹೊರಟವರ ಆಸ್ತಿಯನ್ನೆಲ್ಲ ತಡೆಹಿಡಿದರು. ಅಂಗಡಿ, ಮನೆ, ಬ್ಯಾಂಕಿನ ಹಣ. ಅಂಗಳದಲ್ಲಿ ಖರ್ಜೂರದ ಮರ ಇತ್ತು. ಈಗ ಯಾರು ಕೊಯ್ಯುತ್ತಾರೋ. ನಮ್ಮನ್ನು ಯಾರೂ ಮಾತುಕತೆಗೆ ಕರೆಯಲಿಲ್ಲ."

ಎಲ್ಲರೂ ಸುಮ್ಮನಾದೆವು. ಅವರು ಮೊಮ್ಮಗನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಚಪ್ಪರದ ಗರಿ ನೋಡುತ್ತಾ, "ಗಮ್ ಹೂ ತ್ಸರೀಖ್ ಬಾಯಿತ್" ಎಂದರು. ಅವನಿಗೂ ಮನೆ ಬೇಕು.

ಯಾರಿಗೆ ಎಂದು ಮೊಮ್ಮಗ ಕೇಳಿದ. ಅಜ್ಜಿಗೆ ಕಿವಿ ಮಂದ. ಕೇಳಿಸಲಿಲ್ಲವೋ, ಕೇಳಿಸಿಯೂ ಬಿಟ್ಟರೋ ತಿಳಿಯದು. ಚಳಿಯಾಗುತ್ತಿದೆ, ಒಳಗೆ ಕರೆದುಕೊಂಡು ಹೋಗು ಎಂದು ನನಗೆ ಸನ್ನೆ ಮಾಡಿದರು.

ಇವತ್ತು ಬುಧವಾರ. ಅಮೆರಿಕದ ಶಾಂತಿ ದೂತ ಜಾರ್ಜ್ ಮಿಚೆಲ್ ಮತ್ತೆ ಬಂದಿದ್ದಾರೆ, ಇಲ್ಲಿಂದ ಪ್ಯಾಲೆಸ್ತೀನ್ ಆಡಳಿತ ಇರುವ ರಮಲ್ಲಾಕ್ಕೆ, ರಮಲ್ಲಾದಿಂದ ಇಲ್ಲಿಗೆ. ಅರಬ್ ಲೀಗ್‌ನವರನ್ನು ಕೇಳಿ ಆಮೇಲೆ ಹೇಳುತ್ತೇನೆ ಎಂದಿದ್ದಾರೆ ಅಬ್ಬಾಸ್. ಎರಡು ತಿಂಗಳಾದರೂ ತಡೆ ಮುಂದುವರಿಯಲಿ ಎಂದು ನಾನು ದಿನವೂ ಜಪಮಾಲೆ ಹಿಡಿಯುತ್ತೇನೆ, ಹಿಡಿದಾಗಲೆಲ್ಲ ಆ ಐದು ಮಕ್ಕಳ ನೆನಪಾಗಿ ಬೆರಳು ನಿಲ್ಲುತ್ತದೆ. ನಾಳೆ ಸಂಜೆ ಹಬ್ಬ ಮುಗಿಯುತ್ತದೆ. ಶುಕ್ರವಾರ ಮೊಮ್ಮಗ ಬಂದು ಚಪ್ಪರ ಬಿಚ್ಚುತ್ತಾನೆ, ಗರಿಗಳನ್ನು ಕಟ್ಟಿ ಕೆಳಗೆ ಇಳಿಸುವುದು ನನ್ನ ಕೆಲಸ. ಭಾನುವಾರ ಬೆಳಗ್ಗೆ ನಾನು ಪೂಜೆಗೆ ಹೊರಡುವ ಹೊತ್ತಿಗೆ ಆ ಮೇಸ್ತ್ರಿ ಕೆಲಸದ ಜಾಗದಲ್ಲಿರುತ್ತಾರೆ.