ಸೋರಲೇಬೇಕಾದ ಕೇಬಲ್ಲು

ಹೋದ ಸಲ ಊರಿಗೆ ಹೋದಾಗ ಅಪ್ಪ ಕೇಳಿದರು: "ನೆಲದೊಳಗೆ ಟವರ್ ಎಲ್ಲಿ ನಿಲ್ಲಿಸ್ತೀರೋ?"

ಮೆಟ್ರೊ ಸುರಂಗದಲ್ಲಿ ರೇಡಿಯೊ ಕೆಲಸ ಅಂದರೆ ಎಲ್ಲರಿಗೂ ಬರುವ ಅನುಮಾನ ಇದೇ. "ಟವರ್ ಇಲ್ಲಪ್ಪಾ, ತೋಟಕ್ಕೆ ಡ್ರಿಪ್ ಪೈಪ್ ಎಳೆದ ಹಾಗೆ ಗೋಡೆಗುಂಟ ಕೇಬಲ್ ಎಳೀತೀವಿ" ಅಂದೆ. ಅದರ ಹೊರಗಿನ ತಾಮ್ರದ ಹೊದಿಕೆಯಲ್ಲಿ ಬೇಕಂತಲೇ ಸೀಳುಗಳಿರುತ್ತವೆ. ಸಿಗ್ನಲ್ ಉದ್ದಕ್ಕೂ ಸೋರುತ್ತಾ ಹೋಗುತ್ತದೆ. ಹೆಸರೂ ಹಾಗೇ, ಲೀಕಿ ಫೀಡರ್.

"ಹಂಗಾದ್ರೆ ಕೊನೇ ಗಿಡಕ್ಕೆ ಕಮ್ಮಿ ಬೀಳುತ್ತೆ" ಅಂದರು ಅಪ್ಪ. ಅಡಿಕೆ ಬೆಳೆಯುವವರಿಗೆ ಅಟೆನ್ಯುಯೇಶನ್, ಅಂದರೆ ದೂರ ಹೋದಂತೆ ಸಿಗ್ನಲ್ ಕುಗ್ಗುವುದರ ಪಾಠ ಬೇಕಿಲ್ಲ. ಅದಕ್ಕೇ ನಡುನಡುವೆ ಆಂಪ್ಲಿಫೈಯರ್ ಕೂರಿಸುವುದು.

ನಾವು ಬಳಸುವುದು ಟೆಟ್ರಾ ಎಂಬ ಡಿಜಿಟಲ್ ವಾಕಿಟಾಕಿ ವ್ಯವಸ್ಥೆ. 25 ಕಿಲೋಹರ್ಟ್ಸ್‌ನ ಒಂದೇ ಚಾನೆಲ್ಲಿನಲ್ಲಿ ನಾಲ್ಕು ಮಾತುಕತೆ ನಡೆಯುತ್ತವೆ. ಬಟನ್ ಒತ್ತಿ ಬೀಪ್ ಬರುವ ತನಕ ಕಾಯಬೇಕು. ಹೊಸ ಹುಡುಗರು ಕಾಯುವುದಿಲ್ಲ, ಅವರ ಮೊದಲ ಪದ ಯಾರಿಗೂ ಕೇಳಿಸುವುದಿಲ್ಲ.

ಕೆಲಸವೆಲ್ಲ ರಾತ್ರಿ, ಟ್ರೈನು ನಿಂತು ಕರೆಂಟ್ ತೆಗೆದ ಮೇಲೆ. ಒಂದೂರಿನ ಮೆಟ್ರೊ, ಹೆಸರು ಬೇಡ. ಹ್ಯಾಂಡ್‌ಸೆಟ್ ಹಿಡಿದು ನಡೆಯುತ್ತಿದ್ದೆ. ಒಂದು ತಿರುವಿನಲ್ಲಿ ಮಾತು ತುಂಡು ತುಂಡಾಯಿತು. ಟಾರ್ಚ್ ಬಿಟ್ಟು ನೋಡಿದರೆ ಸಾಲಾಗಿ ಎಂಟು ಕ್ಲ್ಯಾಂಪ್ ಕಳಚಿವೆ. ಗೋಡೆಯಿಂದ ನಾಲ್ಕು ಬೆರಳು ದೂರ ಇರಬೇಕಾದ ಕೇಬಲ್ಲು ಒದ್ದೆ ಕಾಂಕ್ರೀಟಿಗೆ ಅಂಟಿಕೊಂಡಿದೆ. ಸಾಲದ್ದಕ್ಕೆ ತಿರುಚಿಕೊಂಡು, ಸೀಳುಗಳ ಮುಖ ಗೋಡೆಯ ಕಡೆಗಿದೆ. ಗೋಡೆಗೆ ಮಾತಾಡುತ್ತಿತ್ತು ಪಾಪ.

"ಹತ್ತು ಮೀಟರ್ ತಾನೆ? ಟ್ರೈನು ಅರ್ಧ ಸೆಕೆಂಡಲ್ಲಿ ದಾಟುತ್ತೆ, ನಾಳೆ ನೋಡೋಣ" ಅಂದರು ಸೂಪರ್‌ವೈಸರು.

"ದಾಟದೆ ಅಲ್ಲೇ ನಿಂತರೆ ಸಾರ್?"

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ 1987ರ ನವೆಂಬರ್ 18ರಂದು ಎಸ್ಕಲೇಟರಿಗೆ ಬೆಂಕಿ ಬಿದ್ದು 31 ಜನ ಸತ್ತರು. ಕೆಳಗಿದ್ದ ಪೊಲೀಸನ ರೇಡಿಯೊ ನೆಲದೊಳಗೆ ಕೆಲಸಕ್ಕೆ ಬಾರದೆ, ಆತ ಮೇಲೆ ಓಡಿಬಂದು ಸುದ್ದಿ ಕೊಡಬೇಕಾಯಿತು. ಅದೇ ಲಂಡನ್ನಿನ ಸುರಂಗ ರೈಲುಗಳಲ್ಲಿ 2005ರ ಜುಲೈ 7ರಂದು ಬಾಂಬ್ ಸಿಡಿದಾಗಲೂ ರಕ್ಷಣೆಗೆ ಇಳಿದವರದ್ದು ಅದೇ ಪಾಡು. ಹದಿನೆಂಟು ವರ್ಷ ಏನು ಮಾಡ್ತಿದ್ದಿರಿ ಅಂತ ಯಾರಿಗಾದರೂ ಕೇಳಬೇಕೆನಿಸುತ್ತದೆ. ಆದರೆ "ನಾಳೆ ನೋಡೋಣ" ಎನ್ನುವುದು ಎಷ್ಟು ಸಲೀಸು ಅಂತ ನನಗೂ ಗೊತ್ತು.

ಸೂಪರ್‌ವೈಸರು ಏನೂ ಅನ್ನದೆ ಏಣಿ ಹಿಡಿದರು. ಮೂರೂವರೆಗೆ ಕೊನೇ ಕ್ಲ್ಯಾಂಪ್ ಕೂತಿತು. ಬಟನ್ ಒತ್ತಿದೆ, ಬೀಪ್‌ಗೆ ಕಾದೆ.

"ಕಂಟ್ರೋಲ್, ಕೇಳ್ತಿದೆಯಾ?"

"ಕೇಳ್ತಿದೆ. ಬೇಗ ಹೊರಗೆ ಬನ್ನಿ, ಕರೆಂಟ್ ಕೊಡಬೇಕು."