‘ಕಬಳಿಕೆ’ ಎಂದು ಬರೆದು ಪೇಚಿಗೆ ಸಿಕ್ಕಿದ್ದು

ಇಲಾಖಾ ವಿಚಾರಣೆಯ ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ ಒಂದು ಸಹಕಾರ ಸಂಘದ ನಗದು ಗುಮಾಸ್ತರ ಮೇಲಿನ ದೋಷಾರೋಪಣ ಪಟ್ಟಿ ನನ್ನ ಮೇಜಿಗೆ ಬಂತು. ವಸೂಲಾದ ಸಾಲದ ಕಂತಿನ ಹಣವನ್ನು ಅವರು ಹನ್ನೊಂದು ದಿನ ತಮ್ಮಲ್ಲೇ ಇಟ್ಟುಕೊಂಡು ಆಮೇಲೆ ಕಟ್ಟಿದ್ದರು. ಮೂಲದಲ್ಲಿ ‘ಟೆಂಪೊರರಿ ಮಿಸ್‌ಅಪ್ರೊಪ್ರಿಯೇಷನ್’ ಎಂದಿತ್ತು. ನಾನು ‘ಹಣ ಕಬಳಿಸಿದ್ದಾರೆ’ ಎಂದು ಬರೆದೆ. ‘ತಾತ್ಕಾಲಿಕ’ ಎಂಬುದು ಕಬಳಿಕೆಯ ಪಕ್ಕದಲ್ಲಿ ಕೂರದ ಕಾರಣ ಅದನ್ನು ಬಿಟ್ಟೇಬಿಟ್ಟೆ.

ಗುಮಾಸ್ತರು ಚಲನ್ನಿನ ಪ್ರತಿ ಲಗತ್ತಿಸಿ, ‘ಕಬಳಿಸಿದವನು ಹಣ ಕಟ್ಟುತ್ತಾನೆಯೇ?’ ಎಂದು ಒಂದೇ ಸಾಲಿನ ಉತ್ತರ ಕೊಟ್ಟರು. ವಿಚಾರಣಾಧಿಕಾರಿಗಳು ನನ್ನನ್ನು ಕರೆಸಿ, ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ‘ಇವರು ಉತ್ತರಿಸಿರುವುದು ನಿಮ್ಮ ಪದಕ್ಕೆ ಕಣ್ರೀ, ನಮ್ಮ ಆರೋಪ ಹಾಗೇ ಉಳಿದಿದೆ’ ಎಂದರು.

ಅವರ ಮಾತು ಸರಿಯಾಗಿತ್ತು. ಆಗ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 403ನೇ ಕಲಮಿನ ವಿವರಣೆಯ ಪ್ರಕಾರ, ಸ್ವಲ್ಪ ಕಾಲದ ಮಟ್ಟಿಗೆ ಮಾಡಿದ್ದೂ ದುರ್ವಿನಿಯೋಗವೇ, ಅಂದರೆ ಮೂಲದಲ್ಲಿದ್ದ ‘ಮಿಸ್‌ಅಪ್ರೊಪ್ರಿಯೇಷನ್’ ಆಗಿಯೇ ಆಗುತ್ತದೆ. ಹಿಂದಿರುಗಿಸಿದೆನೆಂಬ ಕಾರಣಕ್ಕೆ ಅದು ಅಳಿಸಿಹೋಗುವುದಿಲ್ಲ. ಇಂಗ್ಲಿಷಿನ ಕಾನೂನು ಪದಗಳಲ್ಲಿ ಇಂಥ ಗೆರೆಗಳು ಬಹಳ. ‘ಚೀಟಿಂಗ್’ ಆಗಬೇಕಾದರೆ ಎದುರಿನವರನ್ನು ಸುಳ್ಳಿನಿಂದ ನಂಬಿಸಿರಬೇಕು. ‘ಬ್ರೀಚ್ ಆಫ್ ಟ್ರಸ್ಟ್’ ಆಗಬೇಕಾದರೆ ಸ್ವತ್ತನ್ನು ಮೊದಲು ನಂಬಿ ಒಪ್ಪಿಸಿರಬೇಕು. ‘ಡಿಸಾನೆಸ್ಟ್‌ಲಿ’ ಎಂದರೆ ಒಬ್ಬರಿಗೆ ಅಕ್ರಮ ಲಾಭವನ್ನೋ ಇನ್ನೊಬ್ಬರಿಗೆ ಅಕ್ರಮ ನಷ್ಟವನ್ನೋ ಉಂಟುಮಾಡುವ ಉದ್ದೇಶವಿರಬೇಕು. ನಮ್ಮ ದಿನಬಳಕೆಯ ‘ಮೋಸ’ ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ.

ನನಗೆ ಇಂದಿಗೂ ಕೈ ನಡುಗಿಸುವ ಪದವೆಂದರೆ ‘ಮಾರಲ್ ಟರ್ಪಿಟ್ಯೂಡ್’. ಅದರ ಲ್ಯಾಟಿನ್ ಮೂಲದಲ್ಲಿರುವುದು ಕುರೂಪ, ಹೇಯ ಎಂಬ ಅರ್ಥ. ನಾವು ಬರೆಯುವ ‘ನೈತಿಕ ಅಧಃಪತನ’ದಲ್ಲಿರುವುದು ಬೀಳುವಿಕೆ. ಚಿತ್ರ ಬೇರೆಯಾದರೂ ಪೆಟ್ಟು ಒಂದೇ: 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯಲ್ಲಿ, ಕೆಲಸದ ವೇಳೆ ಇಂಥ ಅಪರಾಧವೆಸಗಿ ವಜಾ ಆದವರ ಗ್ರಾಚ್ಯುಟಿಯನ್ನು, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟನ್ನು, ಪೂರ್ತಿ ತಡೆಯಲೂ ಅವಕಾಶವಿತ್ತು. ಮೂಲದಲ್ಲಿ ಇಲ್ಲದಿದ್ದರೆ ಆ ಪದವನ್ನು ನಾನಾಗಿ ಎಂದೂ ಬರೆಯುವುದಿಲ್ಲ.

ತಿದ್ದಿದ ಪಟ್ಟಿಯಲ್ಲಿ ‘ತಾತ್ಕಾಲಿಕ ದುರ್ವಿನಿಯೋಗ’ ಎಂದು ಬರೆದೆ. ಗುಮಾಸ್ತರು ಸಹಿ ಹಾಕುವ ಮೊದಲು ಅದರ ಅರ್ಥ ಕೇಳಿದರು. ಒಪ್ಪಿಸಿದ ಹಣವನ್ನು ಕೆಲವು ದಿನಗಳ ಮಟ್ಟಿಗಾದರೂ ಸ್ವಂತಕ್ಕೆ ಬಳಸಿಕೊಳ್ಳುವುದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲೇ ಹೀಗೆ ಬರೆಯಬಹುದಿತ್ತಲ್ಲ ಸಾರ್’ ಎಂದು ಸಹಿ ಹಾಕಿದರು.